ಮೇಜಿನ ಕೆಳಗಿನ ಗಂಟು

ಅರಕಲಗೂಡಿನ ಕಲ್ಯಾಣಮಂಟಪದಲ್ಲಿ ದೀಪ ಹಚ್ಚುವಾಗ ಸಂಜೆ ನಾಲ್ಕೂವರೆ. ಅದೇ ದೀಪ ಬೆಳಿಗ್ಗೆ ಹಾಸನದಲ್ಲಿ, ಆಮೇಲೆ ಚನ್ನರಾಯಪಟ್ಟಣದಲ್ಲಿ, ಊಟದ ಹೊತ್ತಿಗೆ ಹೊಳೆನರಸೀಪುರದಲ್ಲಿ ಉರಿದು, ಮೈತುಂಬ ಎಣ್ಣೆ ಸುರಿಸಿಕೊಂಡು ಜೀಪಿನಲ್ಲಿ ಬಂದಿತ್ತು. ತಂತಿಯಿಲ್ಲದ ಇಂಟರ್‌ನೆಟ್ ನಾಲ್ಕೂ ಊರಿಗೆ ಒಂದೇ ದಿನ ಬರುತ್ತದೆಂದು ಟೆಲಿಫೋನ್ ಕಂಪನಿಯವರು ಪೇಪರಿನಲ್ಲಿ ಹಾಕಿಸಿಬಿಟ್ಟಿದ್ದರು. ಒಂದೇ ದೀಪ, ಒಂದೇ ಲ್ಯಾಪ್‌ಟಾಪ್, ಒಂದೇ ಭಾಷಣ. ಬ್ಯಾನರಿನಲ್ಲಿ ಊರಿನ ಹೆಸರು ಮಾತ್ರ ಬೇರೆ.

ಲೈನ್‌ಮನ್ ಪುಟ್ಟರಾಜು ಮೇಜಿನ ಹಿಂದೆ ನಿಂತಿದ್ದ. ಮೂವತ್ತೆರಡು ವರ್ಷ ಈ ತಾಲ್ಲೂಕಿನ ಕಂಬ ಹತ್ತಿ ಇಳಿದು ಮಂಡಿ ಸವೆಸಿಕೊಂಡವನು, ಈ ತಿಂಗಳ ಕೊನೆಗೆ ರಿಟೈರ್. ಉಳಿದ ಮೂರು ಊರಿನಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿದ ಡೇಟಾ ಕಾರ್ಡ್ ಹೇಗೋ ಕೆಲಸ ಮಾಡಿತ್ತು. ಅರಕಲಗೂಡಿನ ಟವರಿಗೆ ಕೂರಿಸಬೇಕಾದ ಇಂಟರ್‌ನೆಟ್ ಪೆಟ್ಟಿಗೆ ಇನ್ನೂ ಬಂದೇ ಇರಲಿಲ್ಲ. ಪಕ್ಕದ ಮೆಡಿಕಲ್ ಸ್ಟೋರಿನ ಬ್ರಾಡ್‌ಬ್ಯಾಂಡಿನಿಂದ ಒಂದು ತಂತಿ ಎಳೆದು, ಮೇಜಿನ ಬಟ್ಟೆಯ ಕೆಳಗಿಂದ ಲ್ಯಾಪ್‌ಟಾಪಿನ ಹಿಂದಕ್ಕೆ ಸಿಕ್ಕಿಸಿ, ಜನಕ್ಕೇನು ಗೊತ್ತಾಗುತ್ತೆ ಎಂದು ಆಫೀಸರ್ ಕೀರ್ತಿರಾಜ್ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರು. ಪುಟ್ಟರಾಜು ಎಳೆದಿದ್ದ. ಮೇಜಿನ ಕಾಲಿಗೆ ತಂತಿ ಬಿಗಿಯುವಾಗ ತನ್ನ ಮಾಮೂಲಿ ಗಂಟನ್ನೇ ಹಾಕಿದ್ದ: ಎರಡು ಸುತ್ತು, ಅದರ ಮೇಲೊಂದು ಹಿಂದುಮುಂದಾದ ಸುತ್ತು, ತುದಿ ಒಳಕ್ಕೆ. ಬೇರೆ ಲೈನ್‌ಮನ್‌ಗಳು ಟೇಪು ಸುತ್ತಿ ಕೈತೊಳೆದುಕೊಳ್ಳುತ್ತಿದ್ದರು. ಮೋಸದ ಕೆಲಸಕ್ಕೂ ಕೈ ತನ್ನ ರೂಢಿ ಬಿಡಲಿಲ್ಲವಲ್ಲ ಎಂದು ಅವನಿಗೆ ಬೇಜಾರಾಗಿತ್ತು.

ಸಾಲಿನಲ್ಲಿ ಮೊದಲು ನಿಂತವರು ದೊಡ್ಡಮಗ್ಗೆಯ ಈಶ್ವರಯ್ಯ. ಆ ಹಳ್ಳಿಯಲ್ಲಿ ಅವರದೊಂದು ಎಸ್‌ಟಿಡಿ ಬೂತು. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಮೊಬೈಲಿಲ್ಲದ ನಾಲ್ಕು ಮುದುಕರು ಮಾತ್ರ ಅಲ್ಲಿಗೆ ಬರುತ್ತಿದ್ದರು. ಸೊಸೆ ಯಶಸ್ವಿನಿ ಕಂಪ್ಯೂಟರ್ ಕಲಿತಿದ್ದಳು. ಪಹಣಿ, ರಿಸಲ್ಟು, ಅರ್ಜಿ ಎಂದು ಜನ ಅರಕಲಗೂಡಿನ ಬಸ್ಸು ಹತ್ತುವುದನ್ನು ತಪ್ಪಿಸಿ ಎಲ್ಲ ಬೂತಿನಲ್ಲೇ ಮಾಡಿಕೊಡೋಣ ಎಂದು ಮಾವನಿಗೆ ಆಸೆ ಹುಟ್ಟಿಸಿದ್ದಳು. ಹಳೇ ಲೈನು ಬಿಟ್ಟುಕೊಟ್ಟವರಿಗೆ ಇವತ್ತೊಂದು ದಿನ ಡೇಟಾ ಕಾರ್ಡ್ ಪುಕ್ಕಟೆ. ಬಿಟ್ಟುಕೊಟ್ಟ ಲೈನು ಮತ್ತೆ ಸಿಗುವುದಿಲ್ಲ, ಕಾರ್ಡು ನಡೆಯದಿದ್ದರೆ ಬೂತಿಗೆ ಬೀಗವೇ. ಈಶ್ವರಯ್ಯ ಬೂತಿನ ಫೋನನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು.

ಕೀರ್ತಿರಾಜ್ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ಪಕ್ಕದಲ್ಲಿ ಡೇಟಾ ಕಾರ್ಡು ಶೋಕಿಗೆ ಚುಚ್ಚಿಕೊಂಡಿತ್ತು, ಪರದೆಯಲ್ಲಿ ಜೋಗ ಧುಮುಕುತ್ತಿತ್ತು. ಈಶ್ವರಯ್ಯ ಜೋಗ ನೋಡಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಪುಟ್ಟರಾಜುವಿನ ಮುಖ ನೋಡಿದರು. ಹದಿನೆಂಟು ವರ್ಷದ ಹಿಂದೆ ಬೂತಿಗೆ ತಂತಿ ಎಳೆದವನು ಅವನೇ.

"ಪುಟ್ರಾಜಣ್ಣ, ನೀನೊಂದು ಮಾತೇಳು. ನಮ್ಮೂರಲ್ಲಿ ಇದು ಬತ್ತದಾ?"

ಪುಟ್ಟರಾಜು ಬಾಯಿ ತೆರೆಯುವುದರೊಳಗೆ ಕೀರ್ತಿರಾಜ್ ಉತ್ತರ ಕೊಟ್ಟಾಗಿತ್ತು. ತಾಲ್ಲೂಕಿಗೆಲ್ಲ ಬರುತ್ತೆ, ಅನುಮಾನವೇ ಬೇಡ ಎನ್ನುತ್ತ ಫಾರಂ ಮುಂದಕ್ಕೆ ತಳ್ಳಿದರು. ಪಾಪ, ಬೆಳಿಗ್ಗೆಯಿಂದ ನಕ್ಕು ನಕ್ಕು ಅವರ ಮುಖವೂ ಬಿದ್ದುಹೋಗಿತ್ತು. ನಾಳೆ ಟವರಿಗೆ ಪೆಟ್ಟಿಗೆ ಕೂರಿಸಿದರೂ ದೊಡ್ಡಮಗ್ಗೆಯವರೆಗೆ ಸಿಗ್ನಲ್ ಮುಟ್ಟುವುದಿಲ್ಲವೆಂದು ಪುಟ್ಟರಾಜುವಿಗೆ ಗೊತ್ತಿತ್ತು. ಪಿಂಚಣಿ ಕಾಗದಕ್ಕೆ ಸಹಿ ಹಾಕಬೇಕಾದವರು ಇದೇ ಆಫೀಸರ್ ಎಂಬುದೂ ಗೊತ್ತಿತ್ತು. ಈಶ್ವರಯ್ಯ ಪೆನ್ನಿನ ಮುಚ್ಚಳ ತೆಗೆದರು. ಪುಟ್ಟರಾಜು ಮೇಜಿನ ಕೆಳಗೆ ಕಾಲು ಚಾಚಿದ.

ಜೋಗದ ನೀರು ಅರ್ಧದಲ್ಲೇ ನಿಂತಿತು.

"ಕಾಲು ತಾಗ್ಬುಡ್ತು ಸಾ," ಎಂದ ಪುಟ್ಟರಾಜು. ಸರಿಮಾಡುವವನ ಹಾಗೆ ಮುಂದೆ ಬಂದು, ಮೇಜಿನ ಬಟ್ಟೆಯನ್ನು ಈಶ್ವರಯ್ಯನವರು ನಿಂತ ಕಡೆಯಿಂದಲೇ ಮೇಲೆತ್ತಿದ. ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತ. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತೇ ಕೂತ.

ಈಶ್ವರಯ್ಯ ಬಗ್ಗಿ ನೋಡಿದರು. ಮೇಜಿನ ಕಾಲಿಗೆ ಬಿಗಿದ ತಂತಿ. ಎರಡು ಸುತ್ತು, ಮೇಲೊಂದು ಹಿಂದುಮುಂದಾದ ಸುತ್ತು. ಬೂತಿನ ಸೂರಿನಲ್ಲಿ ಹದಿನೆಂಟು ವರ್ಷದಿಂದ ಕಂಡ ಗಂಟು. ಅವರು ಕೂಗಾಡುವ ಜಾತಿಯವರಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಫೋನನ್ನು ಮತ್ತೆ ಚೀಲಕ್ಕೆ ಇಳಿಸಿ ಸಾಲಿನಿಂದ ಆಚೆ ಬಂದರು. ವ್ಯಾಪಾರ ಬಲ್ಲ ಮನುಷ್ಯನೇ ಹಿಂದೆ ಸರಿದದ್ದು ಕಂಡು ಹಿಂದಿದ್ದ ಏಳೆಂಟು ಜನರೂ ಬಾಗಿಲ ಕಡೆ ತಿರುಗಿದರು. ಕೀರ್ತಿರಾಜ್ ಬೈಯಲಿಲ್ಲ, ಅಷ್ಟು ತ್ರಾಣ ಅವರಲ್ಲೂ ಉಳಿದಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು ಕೂತು, ದೀಪ ಶಾಂತ ಮಾಡಿ ಎಂದರು.

ಪುಟ್ಟರಾಜು ತಂತಿ ಸುತ್ತಿಕೊಂಡು ಹೊರಬಂದಾಗ ಈಶ್ವರಯ್ಯ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ಸೊಸೆಗೆ ಏನು ಹೇಳುವುದೋ ಎಂದು ಅವರ ಮುಖ ಬಾಡಿತ್ತು.

"ಲೈನಾದ್ರೂ ಉಳೀತಲ್ಲ," ಎಂದರು. "ಮಳೆಗಾಲ್ದಲ್ಲಿ ಎಂಗೂ ಕೆಡ್ತದೆ. ಏಳ್ಕಳಿಸ್ತೀನಿ, ಬಂದ್ಬುಡು."

ತಿಂಗಳ ಕೊನೆಗೆ ತಾನು ಮನೆಗೆ, ತನ್ನ ಜಾಗಕ್ಕೆ ಕಂಪನಿ ಯಾರನ್ನೂ ಹಾಕುತ್ತಿಲ್ಲ ಎಂದು ಪುಟ್ಟರಾಜು ತಗ್ಗಿದ ದನಿಯಲ್ಲಿ ಹೇಳಿದ. ಆಮೇಲೆ ಅವನು ಸೊಂಟದ ಚೀಲದಿಂದ ಹಿಡಿ ಸವೆದ ಕಟಿಂಗ್ ಪ್ಲೇಯರ್ ತೆಗೆದು, ಈಶ್ವರಯ್ಯನವರ ಚೀಲದೊಳಗೆ ಫೋನಿನ ಪಕ್ಕ ಇಟ್ಟ.

"ಗಂಟು ನೋಡ್ಕೊಂಡ್ರಲ್ಲ ಯಜಮಾನ್ರೇ," ಎಂದ. "ಇನ್ಮ್ಯಾಕೆ ನೀವೇ ಆಕ್ಕೋಬೇಕು."