ಎಷ್ಟು ಬೆರಳು?

ಕಣ್ಣಿನ ಹಿಂದಿನ ಪರದೆ ಕಳಚಿದ್ದು ಅಣ್ಣ ತಂಗಿ ಇಬ್ಬರಿಗೂ. ದನದ ದಲ್ಲಾಳಿ ಬೋರಯ್ಯ ತಡವಾಗಿ ಬಂದು ಆಪರೇಷನ್ ಮಾಡಿಸಿಕೊಂಡಿದ್ದ. ತಂಗಿಯದು ಇವತ್ತೇ ಆಗಬೇಕಿತ್ತು.

“ಅಣ್ಣಂಗೆ ಕಂಡ್ರೇನೇ ನಾನು ಒಳಕ್ಕೆ ಹೋಗೋದು,” ಎಂದು ಅವಳು ಪಟ್ಟು ಹಿಡಿದು ನಿಂತಳು.

ಬೋರಯ್ಯನಿಗೆ ಒತ್ತಿಕೊಂಡು ಜೊತೆಗಾರ ರಸೂಲ್ ಕೂತಿದ್ದ. ಡಾಕ್ಟರು ಪಟ್ಟಿ ಬಿಚ್ಚಿ, ಬೋರಯ್ಯನ ಒಳ್ಳೆಯ ಕಣ್ಣು ಮುಚ್ಚಿ, ಕೈ ಎತ್ತಿದರು.

“ಎಷ್ಟು ಬೆರಳು?”

“ಮೂರು,” ಎಂದ ಬೋರಯ್ಯ.

“ಈಗ?”

“ಒಂದು.”

“ಈಗ?”

“ನಾಲ್ಕು. ಹೆಬ್ಬೆರಳು ಮಡಚಿದ್ದೀರಿ, ಸ್ವಾಮಿ!”

ತಂಗಿ ಕಣ್ಣೊರೆಸಿಕೊಂಡಳು. “ನಡೀರಿ ಸಿಸ್ಟರಮ್ಮ, ನಾನೂ ಮಾಡಿಸ್ಕೋತೀನಿ.”

ಅವಳ ಹಿಂದೆ ಬಾಗಿಲು ಮುಚ್ಚಿತು. ಸಂತೆಯಲ್ಲಿ ಎತ್ತಿನ ಬೆಲೆ ಕುದುರಿಸುವ ಹಾಗೆ, ಟವೆಲ್ಲಿನ ಮರೆಯಲ್ಲಿ ತಾನು ಹಿಡಿದು ಎಣಿಸುತ್ತಿದ್ದ ರಸೂಲನ ಬೆರಳುಗಳನ್ನು ಬೋರಯ್ಯ ಆಗ ಬಿಟ್ಟ.