ಎಡೆಯ ಬಾಟಲಿ

“ಅಣ್ಣಾ, ಹಡಗಲ್ಲಿ ನಮ್ಮ ಬಾಟ್ಲಿ ಬಿಡ್ತಾರಾ?” ಸೂಟ್‌ಕೇಸಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ತಮ್ಮ ಪ್ರೇಮ್‌ಕುಮಾರ್ ಕೇಳಿದ. ಬೆಳಿಗ್ಗೆ ದೊಮ್ಮಲೂರಿನ ಮುನೇಶ್ವರನಿಗೆ ಎಡೆಯಿಟ್ಟ ವಿಸ್ಕಿ ಬಾಟಲಿ, ಕತ್ತಿಗೆ ಮೆತ್ತಿದ ಕುಂಕುಮದ ಸಮೇತ ಅವನ ಕೈಯಲ್ಲಿತ್ತು.

ಹಡಗು ಹತ್ತುವಾಗಲೇ ಕಿತ್ತುಕೊಳ್ಳುತ್ತಾರೆಂದು ಅಣ್ಣ ಕೆಂಪರಾಜನಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮನ ಕ್ರೂಸ್ ಟಿಕೆಟ್ ಕಂಡ ದಿನವೇ ಹೊಟ್ಟೆ ಉರಿದುಕೊಂಡು ಹಡಗಿನ ನಿಯಮಗಳನ್ನೆಲ್ಲ ಫೋನಿನಲ್ಲಿ ಓದಿಬಿಟ್ಟಿದ್ದ. ಸಮುದ್ರದ ಮೇಲೆ ಕುಡೀತಾನಂತೆ! ನಾಲ್ಕು ಜನರೆದುರು ಮಾನ ಹೋಗಲಿ.

“ಬಿಡ್ತಾರೆ ಕಣೋ. ಧೈರ್ಯವಾಗಿ ತಗೊಂಡ್ಹೋಗು.”

“ಹೌದಾ?” ಪ್ರೇಮ್‌ಕುಮಾರನ ಮುಖ ಯಾಕೋ ಸಪ್ಪಗಾಯಿತು. ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಳಗಿಟ್ಟು ಜಿಪ್ ಎಳೆದ. “ಅಪ್ಪ ಹೋದ್ಮೇಲೆ ನಾವು ಒಟ್ಟಿಗೆ ಕೂತೇ ಇಲ್ಲ. ಬಿಡಲ್ಲ ಅಂದಿದ್ರೆ, ಇವತ್ತೇ ಇಬ್ರೂ ಟೆರೇಸಲ್ಲಿ ಕೂತು ಮುಗಿಸ್ಬಿಡೋಣ ಅಂತಿದ್ದೆ.”