ಮೊದಲ ಸಾಲಿನ ಕುರ್ಚಿ

ಡಚ್ ಫುಟ್‌ಬಾಲ್ ಲೀಗಿನಲ್ಲಿ ತಳ ಕಂಡಿದ್ದ ಕ್ಲಬ್ಬಿಗೆ ಈ ವರ್ಷ ಉಳಿದಿದ್ದು ಯುರೋಪಿಯನ್ ಕಪ್ ಒಂದೇ. ಸೆಮಿಫೈನಲ್‌ಗೆ ಮೊದಲು ಕೋಚ್ ಆಟಗಾರರಿಗೆಲ್ಲ ತೋಳಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ ಹಂಚಿದರು.

"ಯಾರು ತೀರಿಕೊಂಡ್ರು ಸರ್?" ಗೋಲ್‌ಕೀಪರ್ ಯೋರಿಸ್ ಕೇಳಿದ.

"ಹಳೇ ಅಭಿಮಾನಿಯೊಬ್ರು, ಬೆಳಿಗ್ಗೆ. ಮೊದ್ಲು ಆಟ ಮುಗೀಲಿ."

ಉಳಿದವರು ಬೂಟಿನ ದಾರ ಬಿಗಿಯುತ್ತಿದ್ದರು, ಯಾರೂ ತಲೆಯೆತ್ತಲಿಲ್ಲ.

ಮೊದಲ ಸಾಲಿನಲ್ಲಿ ಕೂರುವ ಅಪ್ಪನನ್ನು ಆಟದ ನಡುವೆ ನೋಡಿದರೆ ಗೋಲು ಬೀಳುತ್ತದೆಂದು ಯೋರಿಸ್ ನಂಬಿದ್ದ. ಕೊನೆಯ ಸೀಟಿ ಊದುವವರೆಗೂ ಅತ್ತ ತಿರುಗುತ್ತಿರಲಿಲ್ಲ.

"ಇವತ್ತೂ ಆ ಕಡೆ ನೋಡ್ಬೇಡಪ್ಪ," ಎನ್ನುತ್ತ ಕೋಚ್ ತಾವೇ ಅವನ ಪಟ್ಟಿ ಕಟ್ಟಿದರು.

ಅವನು ನೋಡಲಿಲ್ಲ, ಒಂದು ಗೋಲೂ ಬಿಡಲಿಲ್ಲ. ತಂಡ ಗೆದ್ದಿತು.

ಸೀಟಿ ಊದಿದ್ದೇ ಯೋರಿಸ್ ಕುಣಿಯುತ್ತ ಮೊದಲ ಸಾಲಿನತ್ತ ಓಡಿದ. ಅಪ್ಪನ ಕುರ್ಚಿಯ ಮೇಲೆ ಬಿಳಿ ಹೂವಿನ ಗುಚ್ಛವಿತ್ತು, ಅದರ ಸುತ್ತ ಅಂಥದೇ ಕಪ್ಪು ಪಟ್ಟಿ.